ವಾಲ್ವಿನ ವಿಶ್ರಾಂತಿ

ಧಾರವಾಡದ ಕಡೆಯ ವಾಚಕರೊಬ್ಬರು ನಮಗೆ ಒಂದು ಕಾಗದವನ್ನು ಬರೆದಿರುವರು. ಅವರ ತೀರ್ಥರೂಪರು ಕೊಂಡಿಟ್ಟ ವಾಲ್ವಿನ ಆಂಪ್ಲಿಫೈಯರೊಂದು ಮನೆಯಲ್ಲಿ ಇದೆಯಂತೆ. ತೀರ್ಥರೂಪರು ಈಗ ಇಲ್ಲ. ಆದರೆ ಸಂಜೆಯ ಹೊತ್ತು ಅದರಲ್ಲಿ ಗ್ರಾಮಫೋನು ತಟ್ಟೆಗಳನ್ನು ಕೇಳುವ ಅಭ್ಯಾಸವು ತಾಯಿಯವರಿಗೆ ಇಂದಿಗೂ ಉಂಟು. ಹಳೆಯ ವಾಲ್ವುಗಳು ಸವೆದವೆಂದು ಇವರು ಇ.ಎಲ್. ೩೪ ಎಂಬ ಜಾತಿಯ ಹೊಸ ವಾಲ್ವುಗಳನ್ನು ತರಿಸಿ ಹಳೆಯವುಗಳ ಸ್ಥಾನದಲ್ಲಿ ಕೂರಿಸಿದರು. ಹತ್ತು ನಿಮಿಷ ಕಳೆಯುವುದರೊಳಗಾಗಿ ಒಂದು ವಾಲ್ವಿನ ಒಳಗಣ ತಗಡು ಕುಲುಮೆಯ ಕಬ್ಬಿಣದಂತೆ ಕೆಂಪಾಯಿತು. ಗಾಬರಿಯಿಂದ ಸ್ವಿಚ್ಚನ್ನು ಆರಿಸಿ, ಮಾರಿದವರನ್ನು ಕೇಳಲಾಗಿ, "ಬಯಾಸ್ ಇಡಿಸಿಕೊಳ್ಳಬೇಕಾಗಿತ್ತು" ಎಂಬ ಉತ್ತರವು ಬಂದಿತಂತೆ. ಈ ಬಯಾಸ್ ಎಂಬುದು ಏನು, ಅದನ್ನು ತಾವೇ ಇಟ್ಟುಕೊಳ್ಳಬಹುದೋ ಕೂಡದೋ, ಯಂತ್ರವು ಕೆಟ್ಟುಹೋಯಿತೋ ಉಳಿದಿದೆಯೋ, ಎಂಬುದು ಅವರ ಪ್ರಶ್ನೆ.

ಆರಿಸಿದ್ದು ಸರಿಯಾದ ಕೆಲಸ. ಇದನ್ನು ಮೊದಲು ಹೇಳುತ್ತೇವೆ. ಈ ಬರಹವನ್ನು ಕೊನೆಯವರೆಗೆ ಓದುವ ತನಕ ಅದನ್ನು ಮತ್ತೆ ಹೊತ್ತಿಸಕೂಡದು. ಕೆಂಪಾದ ವಾಲ್ವು ಬಹುಶಃ ಆಯುಷ್ಯವನ್ನು ಕಳೆದುಕೊಂಡಿರಬಹುದು; ಅದಕ್ಕಾಗಿ ಹೆಚ್ಚು ದುಃಖಿಸಬೇಕಾದುದಿಲ್ಲ. ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳಲ್ಲಿ ಇ.ಎಲ್. ೩೪ನ್ನು ಈಗಲೂ ತಯಾರಿಸುತ್ತಾರೆ. ಹಣ ಕೊಟ್ಟರೆ ಬರುತ್ತದೆ. ಆದರೆ ಆ ವಾಲ್ವಿಗೂ ಸ್ಪೀಕರಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟರೆ, ಅದೇ ಸುತ್ತುಗಳ, ಅದೇ ಕೈಯ ಟ್ರಾನ್ಸ್‌ಫಾರ್ಮರು ಮತ್ತೆ ಸಿಕ್ಕುವುದು ದುರ್ಲಭ. ಈ ಯಂತ್ರಗಳಲ್ಲಿ ನಿಜವಾದ ಆಸ್ತಿ ಅದೇ. ಕೆಂಪಾದ ವಾಲ್ವನ್ನು "ನೋಡೋಣ, ತಾನೇ ಸರಿಹೋದೀತು" ಎಂದು ಉರಿಯಬಿಡುವವರು ಕಳೆದುಕೊಳ್ಳುವುದು ಇದನ್ನೇ.

ಇನ್ನು ವಿಷಯಕ್ಕೆ ಬರೋಣ. ವಾಲ್ವೆಂದರೆ ಗಾಳಿಯನ್ನು ಹೊರಕ್ಕೆ ಸೆಳೆದು ಮುಚ್ಚಿದ ಗಾಜಿನ ನಳಿಕೆ. ಇಂಗ್ಲೆಂಡಿನ ಫ್ಲೆಮಿಂಗನು ೧೯೦೪ರಲ್ಲಿ ಇದನ್ನು ಎರಡು ಅಂಗಗಳಿಂದ ರಚಿಸಿದನು. ಒಂದು, ಕಾದು ಎಲೆಕ್ಟ್ರಾನುಗಳನ್ನು ಹೊರಚೆಲ್ಲುವ ಕ್ಯಾಥೋಡು. ಇನ್ನೊಂದು, ಅವನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ಪ್ಲೇಟು. ವಿದ್ಯುತ್ತು ಇದರಲ್ಲಿ ಒಂದೇ ದಿಕ್ಕಿಗೆ ಹರಿಯುವುದರಿಂದ ಆತನು ಅದಕ್ಕೆ ಕವಾಟವೆಂಬ ಅರ್ಥದ ವಾಲ್ವ್ ಎಂಬ ಹೆಸರಿಟ್ಟನು. ಅಮೆರಿಕದವರು ಟ್ಯೂಬೆನ್ನುವರು. ಆ ದೇಶದ ಡಿ ಫಾರೆಸ್ಟನು ೧೯೦೬ರಲ್ಲಿ ಕ್ಯಾಥೋಡಿಗೂ ಪ್ಲೇಟಿಗೂ ನಡುವೆ ಸಣ್ಣ ತಂತಿಯ ಒಂದು ಜಾಲರಿಯನ್ನು ಇರಿಸಿದನು. ವಾಸ್ತವವಾಗಿ ಸಂಗೀತದ ಆಂಪ್ಲಿಫೈಯರು ಹುಟ್ಟಿದ್ದು ಆ ಜಾಲರಿಯಿಂದ. ನಮ್ಮ ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ೧೯೬೧ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತೆಂಬುದನ್ನು ಇಲ್ಲಿ ಅಭಿಮಾನದಿಂದ ನೆನೆಯಬಹುದು. ಅಲ್ಲಿ ಆ ಕೆಲಸವು ನಿಂತು ಬಹುಕಾಲವಾಯಿತು. ಆದರೂ ಆ ಕಾರ್ಖಾನೆಯ ಮುದ್ರೆಯುಳ್ಳ ಇ.ಎಲ್. ೮೪ ವಾಲ್ವುಗಳನ್ನು ಹುಡುಕಿಕೊಂಡು ಹೋಗುವವರು ಈಗಲೂ ಇದ್ದಾರೆ.

ಕೆರೆಯ ತೂಬನ್ನು ಬಲ್ಲವರಿಗೆ ಜಾಲರಿಯ ಕೆಲಸವನ್ನು ತಿಳಿಯುವುದು ಕಷ್ಟವಲ್ಲ. ಕ್ಯಾಥೋಡು ಕೆರೆ, ಪ್ಲೇಟು ಕೆಳಗಣ ಗದ್ದೆ, ಜಾಲರಿಯು ತೂಬಿನ ಹಲಗೆ. ಎಲೆಕ್ಟ್ರಾನುಗಳು ಋಣವಿದ್ಯುತ್ತಿನ ಕಣಗಳಾದ್ದರಿಂದ, ಜಾಲರಿಗೆ ಕ್ಯಾಥೋಡಿಗಿಂತ ಋಣವಾದ ವೋಲ್ಟೇಜನ್ನು ಕೊಟ್ಟರೆ ಅದು ಅವನ್ನು ಹಿಂದಕ್ಕೆ ನೂಕುತ್ತದೆ, ಹಲಗೆಯು ಇಳಿದಂತಾಗುತ್ತದೆ. ಋಣವು ಕಡಿಮೆಯಾದರೆ ಹಲಗೆ ಏರಿ ಪ್ರವಾಹವು ಹೆಚ್ಚುತ್ತದೆ. ಸಂಗೀತವೆಂಬುದು ಈ ಹಲಗೆಯನ್ನು ಸೆಕೆಂಡಿಗೆ ನೂರಾರು ಸಾವಿರಾರು ಸಲ ಮೇಲೆ ಕೆಳಗೆ ಆಡಿಸುವ ಕೈ. ಈಗ ವಾಚಕರೇ ಯೋಚಿಸಲಿ: ಹಾಡು ಆರಂಭವಾಗುವುದಕ್ಕೆ ಮುಂಚೆ, ಯಂತ್ರವು ಮೌನವಾಗಿರುವಾಗ, ಹಲಗೆಯು ಎಲ್ಲಿ ನಿಂತಿರಬೇಕು? ಪೂರ್ತಿ ಮುಚ್ಚಿ ನಿಂತಿದ್ದರೆ ಕೈಯು ಕೆಳಕ್ಕೆ ಒತ್ತಿದ ಅರ್ಧ ಚಲನೆಯೆಲ್ಲ ವ್ಯರ್ಥ. ತೀರ ಎತ್ತಿ ನಿಲ್ಲಿಸಿದರೆ ಮೇಲಣ ಚಲನೆಗೆ ಎಡೆಯಿಲ್ಲ. ಅದಲ್ಲದೆ ಗದ್ದೆಯು ಹಗಲಿರುಳೂ ನೀರಿನಲ್ಲಿ ನಿಂತು ಕೊಳೆಯುವುದು. ಮೌನದಲ್ಲಿ ಜಾಲರಿಗೆ ಕ್ಯಾಥೋಡಿನ ಅಪೇಕ್ಷೆಯಿಂದ ಇರುವ ಈ ನಿಯತವಾದ ಋಣ ವೋಲ್ಟೇಜೇ ಬಯಾಸ್.

ಆ ಇಂಗ್ಲಿಷ್ ಶಬ್ದಕ್ಕೆ ನಿಘಂಟಿನಲ್ಲಿ ಪಕ್ಷಪಾತವೆಂಬ ಅರ್ಥವೂ ಇದೆ. ನ್ಯಾಯಾಧಿಪತಿಗೆ ಇರಕೂಡದ ಗುಣವು ವಾಲ್ವಿಗೆ ಇಲ್ಲದೆ ಇರಕೂಡದು! ನಾವು "ಪೂರ್ವನಿಯತವಾದ ವಾಲಿಕೆ" ಎಂದು ಅರ್ಥಮಾಡಿಕೊಂಡು, ಬಳಕೆಯ ಶಬ್ದವನ್ನೇ ಇಟ್ಟುಕೊಳ್ಳುತ್ತೇವೆ.

ಬಯಾಸನ್ನು ಒದಗಿಸುವ ಕ್ರಮಗಳು ಮುಖ್ಯವಾಗಿ ಎರಡು. ಕ್ಯಾಥೋಡಿಗೂ ನೆಲದ ತಂತಿಗೂ ನಡುವೆ ಒಂದು ರೆಸಿಸ್ಟರನ್ನು ಇರಿಸುವುದು ಮೊದಲನೆಯದು. ವಾಲ್ವಿನಲ್ಲಿ ಹರಿಯುವ ಪ್ರವಾಹವೇ ಆ ರೆಸಿಸ್ಟರಿನ ಮೂಲಕ ಹಾಯುವುದರಿಂದ ಕ್ಯಾಥೋಡು ನೆಲಕ್ಕಿಂತ ಕೆಲವು ವೋಲ್ಟು ಮೇಲೇರುತ್ತದೆ. ಜಾಲರಿಯು ನೆಲದ ಮಟ್ಟದಲ್ಲಿಯೇ ಇರುವುದರಿಂದ ಕ್ಯಾಥೋಡಿಗೆ ಹೋಲಿಸಿದರೆ ಅದು ಋಣವಾಯಿತು. ಪ್ರವಾಹವು ಹೆಚ್ಚಲು ಹೊರಟರೆ ಋಣವೂ ಹೆಚ್ಚಿ ಪ್ರವಾಹವನ್ನು ತಡೆಯುತ್ತದೆ; ಕುದುರೆಯೇ ತನ್ನ ಕಡಿವಾಣವನ್ನು ಎಳೆದುಕೊಂಡಂತೆ. ಇದರಲ್ಲಿ ತಿರುಪು ಇಲ್ಲ, ಇಡಬೇಕಾದ್ದೂ ಇಲ್ಲ. ಯಂತ್ರದ ಮುಂಭಾಗದ ಸಣ್ಣ ವಾಲ್ವುಗಳೆಲ್ಲ ಸಾಮಾನ್ಯವಾಗಿ ಈ ಕ್ರಮದವು. ೧೨ಎಎಕ್ಸ್೭ ಎಂಬ ವಾಲ್ವಿನಲ್ಲಿ ಸುಮಾರು ೧ ಮಿಲಿಆಂಪಿಯರು, ಎಂದರೆ ಆಂಪಿಯರಿನ ಸಾವಿರದ ಒಂದು ಪಾಲು, ೧,೫೦೦ ಓಮಿನ ರೆಸಿಸ್ಟರಿನಲ್ಲಿ ಹರಿದು ಒಂದೂವರೆ ವೋಲ್ಟಿನ ಬಯಾಸನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಆದುದರಿಂದ ಸಣ್ಣ ವಾಲ್ವನ್ನು ಬದಲಿಸುವವರು ಬಯಾಸಿನ ಚಿಂತೆಯನ್ನು ಹಚ್ಚಿಕೊಳ್ಳಬೇಕಾಗಿಲ್ಲ. ದೊಡ್ಡ ವಾಲ್ವುಗಳಲ್ಲಿಯೂ ಇದೇ ಕ್ರಮವನ್ನು ಹಿಡಿದ ಒಳ್ಳೆಯ ಯಂತ್ರಗಳು ಇವೆ; ೧೯೪೭ರಲ್ಲಿ ವಿಲಿಯಮ್‌ಸನ್ನನು ಪ್ರಕಟಿಸಿ ಲೋಕಪ್ರಸಿದ್ಧವಾದ ಆಂಪ್ಲಿಫೈಯರು ಅಂಥದು.

ಎರಡನೆಯ ಕ್ರಮದಲ್ಲಿ ಕ್ಯಾಥೋಡು ನೆಲದ ಮಟ್ಟದಲ್ಲಿಯೇ ಇದ್ದು, ಜಾಲರಿಗೆ ಬೇರೆ ಒಂದು ಮೂಲದಿಂದ ಋಣ ವೋಲ್ಟೇಜನ್ನು ತಂದು ಕೊಡುತ್ತಾರೆ. ಇದಕ್ಕೆ ಫಿಕ್ಸೆಡ್ ಬಯಾಸ್, ಎಂದರೆ ಸ್ಥಿರವಾದ ಬಯಾಸ್, ಎಂದು ಹೆಸರು. ಮೊದಲನೆಯದು ತಾನೇ ಹೊಂದಿಕೊಳ್ಳುವುದು, ಎರಡನೆಯದು ಸ್ಥಿರವಾದದ್ದು. ಆದುದರಿಂದ ಎರಡನೆಯದನ್ನು ಯಾರೂ ಮುಟ್ಟಬೇಕಾಗಿಲ್ಲ ಎಂದು ಎಣಿಸಿದವರು ಅನೇಕರು. ಸಂಗತಿ ಇದಕ್ಕೆ ತೀರ ವಿರುದ್ಧ. ತಿರುಪು ಇರುವುದೇ ಸ್ಥಿರ ಬಯಾಸಿನಲ್ಲಿ; ವಾಲ್ವು ಬದಲಾದಾಗಲೆಲ್ಲ ಇಡಬೇಕಾದದ್ದೂ ಅದನ್ನೇ. ಸ್ಥಿರವಾಗಿರುವುದು ಮೂಲದ ವೋಲ್ಟೇಜು, ವಾಲ್ವಿನ ಪ್ರವಾಹವಲ್ಲ. ನಮ್ಮ ಶಾಸ್ತ್ರಕಾರರು ಯೌಗಿಕ ಶಬ್ದವೆಂದೂ ರೂಢಶಬ್ದವೆಂದೂ ವಿಂಗಡಿಸಿದ್ದು ಸುಮ್ಮನೆ ಅಲ್ಲ. ಕುಶಲನೆಂದರೆ ದರ್ಭೆಯನ್ನು ಕೊಯ್ದು ತರುವವನೆಂದು ಅವಯವಾರ್ಥ. ಈಗ ಆ ಹೆಸರಿನವನ ಕೈಯಲ್ಲಿ ದರ್ಭೆಯನ್ನು ಹುಡುಕಿದರೆ ಸಿಕ್ಕೀತೆ? ಹಾಗೆಯೇ ಫಿಕ್ಸೆಡ್ ಎಂಬ ಶಬ್ದದಲ್ಲಿ ನಿಶ್ಚಿಂತೆಯನ್ನು ಹುಡುಕಕೂಡದು. ಧಾರವಾಡದ ವಾಚಕರ ಯಂತ್ರವು ಈ ಎರಡನೆಯ ಜಾತಿಯದೆಂದು ಅವರು ಬರೆದಿರುವ ಲಕ್ಷಣಗಳಿಂದ ಊಹಿಸುತ್ತೇವೆ. ಮೇಲ್ಭಾಗದಲ್ಲಿ ಸ್ಕ್ರೂಡ್ರೈವರಿನಿಂದ ತಿರುಗಿಸುವ ಎರಡು ತೂತುಗಳು ಇವೆಯಂತೆ.

ಸಾಮಾನ್ಯವಾಗಿ ಇಂಥ ಯಂತ್ರಗಳಲ್ಲಿ ದೊಡ್ಡ ವಾಲ್ವುಗಳು ಜೋಡಿಯಾಗಿ ದುಡಿಯುತ್ತವೆ. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಎದುರುಬದುರಾಗಿ ನಿಂತು ಜೋಡಿ ಒನಕೆಯಲ್ಲಿ ಭತ್ತ ಕುಟ್ಟುವುದನ್ನು ಕಂಡವರು ಈಗಲೂ ಕೆಲವರಾದರೂ ಇರಬಹುದು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯುತ್ತದೆ. ಧ್ವನಿಯ ಅಲೆಯ ಒಂದು ಅರ್ಧವನ್ನು ಒಂದು ವಾಲ್ವು ಮುಖ್ಯವಾಗಿ ಹೊತ್ತು, ಇನ್ನೊಂದು ಅರ್ಧವನ್ನು ಇನ್ನೊಂದು ವಾಲ್ವು ಹೊರುತ್ತದೆ. ಋಣವು ಅತಿಯಾದರೆ ಮೌನದಲ್ಲಿ ಎರಡು ವಾಲ್ವುಗಳೂ ಹೆಚ್ಚುಕಡಿಮೆ ನಿದ್ರಿಸುತ್ತವೆ. ಆಗ ಒಬ್ಬಳು ಕೈಬಿಟ್ಟ ಮೇಲೆ ಇನ್ನೊಬ್ಬಳು ಕೈಹಿಡಿಯುವುದರೊಳಗೆ ತಾಳ ತಪ್ಪುತ್ತದೆ; ಅಲೆಯು ಸೊನ್ನೆಯನ್ನು ದಾಟುವ ಸ್ಥಳದಲ್ಲಿ ಒಂದು ಕಚ್ಚು ಬೀಳುತ್ತದೆ. ಗಟ್ಟಿಯಾದ ಭಾಗದಲ್ಲಿ ಇದು ಕಿವಿಗೆ ತಿಳಿಯದು. ತಂಬೂರಿಯ ನಾದವು ಕರಗುವಲ್ಲಿ, ಗಾಯಕನು ದನಿ ತಗ್ಗಿಸಿದಲ್ಲಿ, ಒರಟಾದ ಮರಳಿನಂತೆ ತಾಗುತ್ತದೆ. ಇದಕ್ಕೆ ತಣ್ಣನೆಯ ಬಯಾಸೆಂದು ಹೆಸರು. ಋಣವು ಕಡಿಮೆಯಾದರೆ ಬಿಸಿಯ ಬಯಾಸು: ನಾದವು ಮೆದುವಾಗಿರುತ್ತದೆ, ಆದರೆ ವಾಲ್ವು ಮೌನದಲ್ಲಿಯೂ ಬೆವರುತ್ತದೆ, ಅದರ ಆಯುಷ್ಯವು ಬೇಗ ತೀರುತ್ತದೆ. ಅದಕ್ಕೂ ಮೀರಿದರೆ ಪ್ಲೇಟು ಕೆಂಪಾಗುತ್ತದೆ.

ಹಾಗಾದರೆ ಎಷ್ಟು? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ನಾಲ್ಕನೆಯ ತರಗತಿಯ ಹುಡುಗನು ಮಾಡಬಹುದಾದ ಲೆಕ್ಕ. ಇ.ಎಲ್. ೩೪ರ ಪ್ಲೇಟು ೨೫ ವ್ಯಾಟಿನ ಶಾಖವನ್ನು ತಾಳಿಕೊಳ್ಳಬಲ್ಲುದು. ಇದು ತಯಾರಕರು ಕೊಟ್ಟ ಪರಮಾವಧಿ. ಹಾಡುವಾಗ ಶಾಖವು ಇನ್ನೂ ಏರುವ ಸಂಭವವಿರುವುದರಿಂದ, ಮೌನದಲ್ಲಿ ಆ ಪರಮಾವಧಿಯ ಶೇಕಡ ೭೦ಕ್ಕೆ ಮೀರಕೂಡದೆಂದು ಬಲ್ಲವರು ರೂಢಿಯಲ್ಲಿ ಇಟ್ಟಿದ್ದಾರೆ. ೨೫ರಲ್ಲಿ ಶೇಕಡ ೭೦ ಎಂದರೆ ೧೭.೫ ವ್ಯಾಟು. ಪ್ಲೇಟಿನ ವೋಲ್ಟೇಜು ೪೦೦ ಆಗಿದ್ದರೆ, ೧೭.೫ನ್ನು ೪೦೦ರಿಂದ ಭಾಗಿಸಲು ಸುಮಾರು ೪೪ ಮಿಲಿಆಂಪಿಯರು ಬರುತ್ತದೆ. ಪ್ಲೇಟಿನ ವೋಲ್ಟೇಜು ೪೫೦ ಆದರೆ ೩೯ ಮಾತ್ರ. ಯಾರೋ ತಮ್ಮ ಯಂತ್ರಕ್ಕೆ ಹೇಳಿದ ಸಂಖ್ಯೆಯನ್ನು ನಮ್ಮ ಯಂತ್ರಕ್ಕೆ ಎರವಲು ತರಬಾರದೆಂಬುದು ಇದರಿಂದ ವಿದಿತವಾಗುವುದು. ಶೇಕಡ ೭೦ ಎಂಬುದು ಮುಟ್ಟಲೇಬೇಕಾದ ಗುರಿಯಲ್ಲ, ದಾಟಕೂಡದ ಗಡಿ. ಮನೆಯಲ್ಲಿ ಹಿತವಾದ ದನಿಯಲ್ಲಿ ಕೇಳುವವರಿಗೆ ೬೦ರ ಆಸುಪಾಸಿನಲ್ಲಿ ನಿಲ್ಲಿಸುವುದು ಯುಕ್ತವೆಂದು ನಮ್ಮ ಮತ.

ಒಂದು ನಿಜವಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. ೧೯೫೯ರಲ್ಲಿ ಅಮೆರಿಕದ ಡೈನಾಕೋ ಕಂಪನಿಯು ಸ್ಟೀರಿಯೋ ೭೦ ಎಂಬ ಆಂಪ್ಲಿಫೈಯರನ್ನು ಹೊರತಂದಿತು. ಡೇವಿಡ್ ಹಾಫ್ಲರನ ಈ ಯಂತ್ರವನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಕೊಂಡು ಗೃಹಸ್ಥರು ತಾವೇ ಜೋಡಿಸಿಕೊಳ್ಳುತ್ತಿದ್ದರು. ಎಡಕ್ಕೆ ಎರಡು ಬಲಕ್ಕೆ ಎರಡು ಇ.ಎಲ್. ೩೪, ಸ್ಥಿರ ಬಯಾಸು. ಜೋಡಿಸುವವನು ಇಂಜಿನಿಯರನಲ್ಲವೆಂಬುದನ್ನು ಅರಿತು ಅವರು ಒಂದು ಜಾಣ್ಮೆಯನ್ನು ಮಾಡಿದರು. ಪ್ರತಿಯೊಂದು ಜೋಡಿಯ ಕ್ಯಾಥೋಡುಗಳಿಗೂ ನೆಲಕ್ಕೂ ನಡುವೆ ೧೫.೬ ಓಮಿನ ಒಂದು ರೆಸಿಸ್ಟರನ್ನು ಇರಿಸಿ, ಅಲ್ಲಿ ಮೀಟರು ೧.೫೬ ವೋಲ್ಟನ್ನು ತೋರಿಸುವ ತನಕ ತಿರುಪನ್ನು ತಿರುಗಿಸಿರೆಂದರು. ೧.೫೬ನ್ನು ೧೫.೬ರಿಂದ ಭಾಗಿಸಿದರೆ ಆಂಪಿಯರಿನ ಹತ್ತನೆಯ ಒಂದು ಪಾಲು, ಎಂದರೆ ೧೦೦ ಮಿಲಿಆಂಪಿಯರು, ವಾಲ್ವೊಂದಕ್ಕೆ ೫೦. ಹೊಸದಾದ ಬ್ಯಾಟರಿ ಸೆಲ್ಲಿನ ವೋಲ್ಟೇಜು ಸಹ ಇದಕ್ಕೆ ಬಹು ಸಮೀಪದ್ದಾದುದರಿಂದ, ಮೀಟರಿನ ಮೇಲೆ ಸಂಶಯವಿದ್ದವನು ಸೆಲ್ಲನ್ನು ಅಳೆದು ನೋಡಿ ಸಮಾಧಾನ ಪಡಬಹುದು. ಎಷ್ಟು ಸೊಗಸಾದ ಏರ್ಪಾಡು!

ಆದರೆ ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಅಲ್ಲಿಯ ಪ್ಲೇಟು ವೋಲ್ಟೇಜು ೪೦೦ಕ್ಕೂ ತುಸು ಮೇಲೆ. ೫೦ ಮಿಲಿಆಂಪಿಯರಿನಂತೆ ೨೦ ವ್ಯಾಟನ್ನು ಮೀರಿತು. ನಾವು ಹೇಳಿದ ಗಡಿಗಿಂತ ಹೆಚ್ಚು. ಅದರಲ್ಲಿ ಸ್ಕ್ರೀನೆಂಬ ಇನ್ನೊಂದು ಜಾಲರಿಗೆ ಹೋಗುವ ಸಣ್ಣ ಪಾಲು ಸೇರಿದೆಯೆಂದು ಕಳೆದರೂ ಬಿಸಿಯೇ. ಆದುದರಿಂದ ಇಂದು ಆ ಯಂತ್ರವನ್ನು ಉಳಿಸಿಕೊಂಡವರಲ್ಲಿ ಅನೇಕರು ಮೂಲದ ಸಂಖ್ಯೆಗಿಂತ ತಗ್ಗಿಸಿಯೇ ಇಡುತ್ತಾರೆ. ಎರಡನೆಯದು ಹೆಚ್ಚು ಮುಖ್ಯವಾದದ್ದು. ಮೀಟರು ತೋರಿಸುವುದು ಜೋಡಿಯ ಮೊತ್ತವನ್ನು. ಇಬ್ಬರು ಸೊಸೆಯರು ಸೇರಿ ನೂರು ಸೇರು ಕುಟ್ಟಿದರೆಂದರೆ ತಲಾ ಐವತ್ತೆಂದು ಅತ್ತೆಯು ನಂಬಬೇಕಾಗಿಲ್ಲ! ಒಂದು ವಾಲ್ವಿನಲ್ಲಿ ೬೫, ಇನ್ನೊಂದರಲ್ಲಿ ೩೫ ಹರಿಯುತ್ತಿದ್ದರೂ ಮೀಟರು ೧.೫೬ನ್ನೇ ತೋರಿಸುತ್ತದೆ. ೪೦೦ ವೋಲ್ಟಿನಲ್ಲಿ ೬೫ ಎಂದರೆ ೨೬ ವ್ಯಾಟು; ಪರಮಾವಧಿಯನ್ನು ದಾಟಿತು. ಅಲ್ಲದೆ ಎರಡು ಪ್ರವಾಹಗಳು ಸಮನಾಗಿದ್ದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದಲ್ಲಿ ಒಂದರ ಕಾಂತಬಲವು ಇನ್ನೊಂದರದನ್ನು ಅಳಿಸುತ್ತದೆ. ಸಮನಲ್ಲದಿದ್ದರೆ ಕಬ್ಬಿಣವು ಒಂದು ಕಡೆಗೆ ತುಂಬಿ, ಮೃದಂಗದ ಎಡದ ಗುಂಕಾರದಂಥ ತಗ್ಗಿನ ಸ್ವರಗಳು ಸೊರಗುತ್ತವೆ. ಆದುದರಿಂದ ಮ್ಯಾಚ್ಡ್ ಎಂದು ಅಳೆದು ಹೊಂದಿಸಿದ ಜೋಡಿಯನ್ನೇ ಕೊಳ್ಳಬೇಕು. ಅದಕ್ಕಿಂತಲೂ ಉತ್ತಮವೆಂದರೆ ಪ್ರತಿಯೊಂದು ವಾಲ್ವಿನ ಕ್ಯಾಥೋಡಿಗೂ ಬೇರೆ ಬೇರೆಯಾಗಿ ಒಂದು ಓಮಿನ ರೆಸಿಸ್ಟರನ್ನು ಹಾಕಿಸುವುದು. ಆಗ ಮೀಟರಿನಲ್ಲಿ ಒಂದು ಮಿಲಿವೋಲ್ಟೆಂದರೆ ಒಂದು ಮಿಲಿಆಂಪಿಯರು; ಭಾಗಾಕಾರವೂ ತಪ್ಪಿತು. ಬೆಲೆ ಕೆಲವೇ ರೂಪಾಯಿ.

ಒಂದೇ ವಾಲ್ವು ಕೆಂಪಾದುದಕ್ಕೆ ಕಾರಣವೇನಿರಬಹುದು? ಹೊಸ ಜೋಡಿಯು ಹೊಂದಿಕೆಯಿಲ್ಲದ್ದಾಗಿರಬಹುದು. ತಿರುಪಿನ ಒಳಗಣ ಸಂಪರ್ಕವು ಧೂಳಿನಿಂದ ಬಿಟ್ಟು, ಜಾಲರಿಗೆ ಋಣವೇ ತಲಪದೆ ಇರಬಹುದು. ಆದರೆ ಹಳೆಯ ಯಂತ್ರಗಳಲ್ಲಿ ನಾವು ಹೆಚ್ಚಾಗಿ ಸಂಶಯಪಡುವುದು ಬೇರೆ ಕಡೆಗೆ. ಮುಂದಿನ ಸಣ್ಣ ವಾಲ್ವಿನ ಪ್ಲೇಟಿನಿಂದ ದೊಡ್ಡ ವಾಲ್ವಿನ ಜಾಲರಿಗೆ ಸಂಗೀತವನ್ನು ದಾಟಿಸಿ, ಅಲ್ಲಿಯ ಧನ ವೋಲ್ಟೇಜನ್ನು ಮಾತ್ರ ತಡೆದು ನಿಲ್ಲಿಸುವ ಒಂದು ಕಪಾಸಿಟರು ಇರುತ್ತದೆ. ಹಿಂದೆ ಇದನ್ನು ಮೇಣದ ಕಾಗದದಿಂದ ಮಾಡುತ್ತಿದ್ದರು. ಹತ್ತಾರು ಮಳೆಗಾಲಗಳ ತೇವವನ್ನು ಕುಡಿದು ಅದು ಸೋರತೊಡಗುತ್ತದೆ. ಧನವು ಇಷ್ಟಿಷ್ಟೇ ಜಾಲರಿಗೆ ಇಳಿದು ಋಣವನ್ನು ತಿಂದುಹಾಕುತ್ತದೆ. ಹಳೆಯ ವಾಲ್ವುಗಳು ಸವೆದಿದ್ದುದರಿಂದ ಈ ರೋಗವು ಮರೆಯಲ್ಲಿತ್ತು. ಶಕ್ತಿವಂತವಾದ ಹೊಸ ವಾಲ್ವು ಬಂದೊಡನೆ ಪ್ರಕಟವಾಯಿತು. ಈ ಕಪಾಸಿಟರನ್ನು ಬದಲಿಸದೆ ತಿರುಪನ್ನು ತಿರುಗಿಸುವುದು, ತೂತಿನ ಕೊಡಕ್ಕೆ ನೀರು ತುಂಬುವ ಕೆಲಸ.

ಇನ್ನು, ತಾವೇ ಮಾಡಬಹುದೆ ಎಂಬ ಪ್ರಶ್ನೆ. ಈ ಪೆಟ್ಟಿಗೆಯ ಒಳಗೆ ೪೦೦ ವೋಲ್ಟಿನ ನೇರ ಪ್ರವಾಹವಿದೆ. ಅದು ಪ್ರಾಣವನ್ನು ತೆಗೆಯಬಲ್ಲುದು. ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತ ಮೇಲೂ ದೊಡ್ಡ ಕಪಾಸಿಟರುಗಳು ಆ ವಿದ್ಯುತ್ತನ್ನು ಕೂಡಿಟ್ಟುಕೊಂಡಿರುತ್ತವೆ. ಇದನ್ನು ಬರಿದುಮಾಡುವ ವಿಧಾನವನ್ನು ಕೈಯಲ್ಲಿ ಮಾಡಿ ಕಲಿತವರ ಹೊರತು ಬೇರೆ ಯಾರೂ ತಳದ ತಗಡನ್ನು ಬಿಚ್ಚಕೂಡದೆಂದು ಖಂಡಿತವಾಗಿ ಹೇಳುತ್ತೇವೆ. ಕಪಾಸಿಟರನ್ನು ಬದಲಿಸುವುದು, ಒಂದು ಓಮಿನ ರೆಸಿಸ್ಟರುಗಳನ್ನು ಹಾಕಿ ಅವುಗಳಿಂದ ಅಳತೆಯ ತುದಿಗಳನ್ನು ಹೊರಕ್ಕೆ ತರುವುದು, ಪ್ಲೇಟಿನ ವೋಲ್ಟೇಜನ್ನು ಅಳೆದು ಬರೆದುಕೊಡುವುದು, ಇವಿಷ್ಟನ್ನೂ ವಾಲ್ವಿನ ಕೆಲಸ ಬಲ್ಲ ರಿಪೇರಿಯವರಿಂದ ಮಾಡಿಸಬೇಕು. ಹೊರಗೆ ಬಂದ ಆ ತುದಿಗಳಲ್ಲಿ ಇರುವುದು ಕೆಲವೇ ಮಿಲಿವೋಲ್ಟು. ಅಲ್ಲಿ ಅಳೆಯುವುದನ್ನೂ ಮೇಲಿನಿಂದ ತಿರುಪನ್ನು ತಿರುಗಿಸುವುದನ್ನೂ ಗೃಹಸ್ಥನು ತಾನೇ ಮಾಡಿಕೊಳ್ಳಬಹುದು.

ಮಾಡುವ ಬಗೆ ಹೀಗೆ. ಸ್ಪೀಕರನ್ನು ಜೋಡಿಸದೆ ಎಂದಿಗೂ ಹೊತ್ತಿಸಕೂಡದು. ಭಾರವಿಲ್ಲದೆ ದುಡಿದರೆ ಟ್ರಾನ್ಸ್‌ಫಾರ್ಮರಿನ ಒಳಗಣ ಹೊದಿಕೆ ಸೀಳಬಹುದು. ತಿರುಪನ್ನು ಅತ್ಯಂತ ಋಣದ ಕಡೆಗೆ, ಎಂದರೆ ಪ್ರವಾಹವು ಅತ್ಯಂತ ಕಡಿಮೆಯಾಗುವ ಕಡೆಗೆ, ತಿರುಗಿಸಿಟ್ಟು ಆರಂಭಿಸಬೇಕು. ಅದು ಯಾವ ಕಡೆಯೆಂಬುದನ್ನು ರಿಪೇರಿಯವರಿಂದ ಕೇಳಿ ಗುರುತು ಹಾಕಿಕೊಂಡಿರತಕ್ಕದ್ದು. ಸಂಗೀತವಿಲ್ಲದೆ ಐದು ನಿಮಿಷ ಕಾಯಿಸಿ, ಲೆಕ್ಕದ ಸಂಖ್ಯೆಗೆ ಸ್ವಲ್ಪ ಕಡಿಮೆಯಾಗಿ ನಿಲ್ಲಿಸಿ, ಇಪ್ಪತ್ತು ನಿಮಿಷದ ಮೇಲೆ ಮತ್ತೆ ನೋಡಬೇಕು. ಬಿಸಿಯೇರಿದಂತೆ ಸಂಖ್ಯೆಯು ಸರಿಯುತ್ತದೆ. ಎಡದ್ದನ್ನು ತಿದ್ದಿದರೆ ಬಲದ್ದು ಕದಲುವುದುಂಟು, ಎರಡೂ ಒಂದೇ ಮೂಲದ ನೀರನ್ನು ಕುಡಿಯುವುದರಿಂದ. ಎರಡು ಮೂರು ಸಲ ಆಚೀಚೆ ಹೋಗಿಬರಬೇಕು. ಊರಿನ ವಿದ್ಯುತ್ತಿನ ಏರಿಳಿತವೂ ಇದನ್ನು ಕದಲಿಸುತ್ತದೆ. ೨೩೦ ಇರಬೇಕಾದದ್ದು ರಾತ್ರಿ ಹೊತ್ತು ಮೀರಿದ ಮೇಲೆ ಏರುವ ಊರುಗಳಿವೆ. ಪ್ಲೇಟಿನ ವೋಲ್ಟೇಜೂ ಬಯಾಸೂ ಒಟ್ಟಿಗೆ ಏರುವುದರಿಂದ ಒಂದು ಮಟ್ಟಿಗೆ ಸರಿದೂಗುತ್ತದೆ, ಪೂರ್ತಿಯಾಗಿ ಅಲ್ಲ. ಆದುದರಿಂದ ವಿದ್ಯುತ್ತು ಏರಿರುವ ಹೊತ್ತಿನಲ್ಲಿಯೇ ಅಳೆದಿಡುವುದು ಕ್ಷೇಮ.

ಮೀಟರಿನ ಗೊಡವೆಯೇ ಬೇಡ, ಕಿವಿಯಿಂದಲೇ ಬಯಾಸನ್ನು ಇಡುತ್ತೇವೆ ಎನ್ನುವ ರಸಿಕರೂ ಇದ್ದಾರೆ. ಅವರ ಕಿವಿಯನ್ನು ನಾವು ಹಳಿಯುವುದಿಲ್ಲ. ಆದರೆ ಬಿಸಿಯ ಬಯಾಸು ಇಂಪಾಗಿ ಕೇಳಿಸುವುದೇ ಹೆಚ್ಚಾದುದರಿಂದ, ಕಿವಿಯು ಯಾವಾಗಲೂ ತಿರುಪನ್ನು ಒಂದೇ ಕಡೆಗೆ ಎಳೆಯುತ್ತದೆ. ಪ್ಲೇಟಿನ ಸಂಕಟವು ಕಿವಿಗೆ ಕೇಳಿಸುವುದಿಲ್ಲ. ಮೀಟರಿನಿಂದ ಗಡಿಯನ್ನು ಹಾಕಿಕೊಂಡು, ಗಡಿಯ ಒಳಗೆ ಕಿವಿಯ ಮಾತನ್ನು ಕೇಳಿದರೆ ಇಬ್ಬರಿಗೂ ಮರ್ಯಾದೆ ಸಲ್ಲುವುದು.

ಹೊಸ ವಾಲ್ವುಗಳು ಮೊದಲ ಕೆಲವು ದಿನ ನೆಲೆಗೊಳ್ಳುತ್ತಿರುತ್ತವೆ. ವಾರದ ಮೇಲೆ ಒಂದು ಸಲ ಅಳೆದು, ಅನಂತರ ನಾಲ್ಕಾರು ತಿಂಗಳಿಗೊಮ್ಮೆ ನೋಡಿದರೆ ಸಾಕು. ತಾರೀಖು, ಪ್ಲೇಟಿನ ವೋಲ್ಟೇಜು, ವಾಲ್ವೊಂದೊಂದರ ಪ್ರವಾಹ, ಇವನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬೆನ್ನಿಗೆ ಅಂಟಿಸಿಡಬೇಕು. ಮುಂದೆ ಯಾವುದಾದರೂ ಒಂದು ವಾಲ್ವಿನ ಸಂಖ್ಯೆಯು ತನ್ನಷ್ಟಕ್ಕೆ ಏರತೊಡಗಿದರೆ, ಪ್ಲೇಟು ಕೆಂಪಾಗುವುದಕ್ಕೆ ಮುಂಚೆಯೇ ಆ ಚೀಟಿಯಿಂದ ತಿಳಿದೀತು. ತಾಯಿಯವರ ತಟ್ಟೆಗಳಲ್ಲಿ ಕೂತಿರುವ ಬೂಷ್ಟನ್ನು ತೊಳೆಯುವ ಬಗೆಯನ್ನೂ ಅವರು ಇದೇ ಕಾಗದದಲ್ಲಿ ಕೇಳಿದ್ದಾರೆ. ಅರಗಿನ ತಟ್ಟೆಗೂ ವಿನೈಲಿನ ತಟ್ಟೆಗೂ ಉಪಚಾರವು ಬೇರೆ ಬೇರೆಯಾದುದರಿಂದ ಅದನ್ನು ಮುಂದಿನ ತಿಂಗಳು ಬರೆಯುವೆವು. ಅದುವರೆಗೆ ಅರಗಿನ ತಟ್ಟೆಗಳಿಗೆ ಸ್ಪಿರಿಟ್ಟನ್ನು ಸೋಕಿಸದಿರಲಿ. ಅದು ಅರಗನ್ನು ಕರಗಿಸುತ್ತದೆ.